ಕೊಟ್ಟರೆ ಹಚ್ಚಿಕೊಳ್ಳುತ್ತೀರಾ?

ಕಾರ್ಯಸಾಧ್ಯತೆ ಎಂಬ ಪದವನ್ನು ಯಾರು ಹುಟ್ಟಿಸಿದರೋ ನನಗೆ ಗೊತ್ತಿಲ್ಲ. ಹುಟ್ಟಿಸಿದವರು ಒಂದು ದಿನ ನನ್ನ ಕೈಗೆ ಸಿಕ್ಕರೆ, ವಳಕಮದಿನ್ನಿಯ ಗದ್ದೆಯ ಬದುವಿನ ಮೇಲೆ ನಿಲ್ಲಿಸಿ, ಸೊಂಟ ಬಗ್ಗಿಸಿ ನಾಟಿ ಹಚ್ಚುತ್ತಿರುವ ಹೆಂಗಸರಿಗೆ ಅದರ ಅರ್ಥ ಹೇಳಿ ಎನ್ನಬೇಕೆಂದಿದ್ದೇನೆ. ನಾನು ಒಂದು ಹಂಗಾಮು ಪೂರ್ತಿ ಹೇಳಿದ್ದೇನೆ. ಹೇಳಿ ಹೇಳಿ ನಾಲಿಗೆ ಒಣಗಿತೇ ಹೊರತು ಯಾರಿಗೂ ಏನೂ ತಿಳಿಯಲಿಲ್ಲ, ಮೊದಲನೆಯದಾಗಿ ನನಗೆ.

ವಿಷಯ ಇಷ್ಟು. ಎಲ್ಲೋ ಒಂದು ಪ್ರಯೋಗಾಲಯದಲ್ಲಿ ಒಂದು ಮುಲಾಮು ತಯಾರಾಗಿತ್ತು. ದಿನಗಟ್ಟಲೆ ಕೆಸರು ನೀರಿನಲ್ಲಿ ಕೈಯಾಡಿಸುವವರಿಗೆ ಉಗುರಿನ ಸುತ್ತ ಬಾತು ಕೀವು ತುಂಬುತ್ತದಲ್ಲ, ಉಗುರುಸುತ್ತು, ಅದಕ್ಕೆ. ಆ ಮುಲಾಮು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಜನರ ಮೇಲೆ ಪರೀಕ್ಷೆ ನಡೆಯಬೇಕು. ಆ ಪರೀಕ್ಷೆಗೂ ಮೊದಲು, ಅಂಥ ಪರೀಕ್ಷೆ ಇಲ್ಲಿ ನಡೆಸಲು ಆಗುತ್ತದೆಯೇ, ಜನ ಒಪ್ಪುತ್ತಾರೆಯೇ, ಕರೆದ ದಿನ ಬರುತ್ತಾರೆಯೇ, ಮನೆಮದ್ದು ಬಿಟ್ಟಿರುತ್ತಾರೆಯೇ ಎಂದು ನೋಡಬೇಕು. ಹೀಗೆ ಬರೀ ನೋಡುವುದಕ್ಕೆ ಕಾರ್ಯಸಾಧ್ಯತೆ ಎಂದು ಹೆಸರು, ಅದಕ್ಕೂ ಸರ್ಕಾರ ಅನುದಾನ ಕೊಡುತ್ತದೆ. ದೂರದ ನಗರದ ಒಂದು ಸಂಸ್ಥೆಗೆ ಆ ಅನುದಾನ ಸಿಕ್ಕಿತ್ತು, ಅವರು ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳನ್ನು ಆರಿಸಿಕೊಂಡಿದ್ದರು. ಮುಂಚೆ ನೆಲ ನೋಡಿಕೊಂಡು ಆಮೇಲೆ ಕೆಲಸಕ್ಕೆ ಇಳಿಯುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಆ ಅನುದಾನದಲ್ಲಿ ಮುಲಾಮು ಇರಲಿಲ್ಲ. ಸಮೀಕ್ಷಕರಿದ್ದರು, ಫಾರಂ ಇತ್ತು, ಫೋಟೊ ತೆಗೆಯುವ ಯಂತ್ರವಿತ್ತು, ಮುಲಾಮು ಮಾತ್ರ ಇರಲಿಲ್ಲ.

ಸಿಂಧನೂರಿನ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ವರ್ಷಗಟ್ಟಲೆ ನರ್ಸಾಗಿ ದುಡಿದು, ಅದು ಬಾಗಿಲು ಹಾಕಿದ ಮೇಲೆ ನಾನು ಮಸ್ಕಿಯ ಮನೆಯಲ್ಲಿ ಕೂತಿದ್ದೆ. ಸಮೀಕ್ಷಕಿಯ ಕೆಲಸ ಇದೆ ಎಂದು ತಿಳಿದಾಗ ನಾನೇ ಅರ್ಜಿ ಹಾಕಿದೆ. ನನ್ನ ಅವ್ವ ಕಾಲುವೆಯ ಸೀಮೆಯಲ್ಲಿ ನಾಟಿ ಹಚ್ಚಿಯೇ ನನ್ನನ್ನು ಓದಿಸಿದವಳು. ಅವಳ ಕೈಯ ಮೂರು ಬೆರಳಿಗೆ ಉಗುರು ನೆಟ್ಟಗೆ ಬಂದದ್ದನ್ನು ನಾನು ಕಂಡಿಲ್ಲ. ಅನ್ನ ಕಲಸುವಾಗ ಖಾರ ತಾಗಿ ಅವಳು ಹಲ್ಲು ಕಚ್ಚುತ್ತಿದ್ದಳು. ಕೊನೆಗೂ ಯಾರೋ ಆ ಬೆರಳುಗಳ ಕಡೆ ನೋಡುತ್ತಿದ್ದಾರೆ ಎಂಬ ಸಂತೋಷದಲ್ಲೇ ಲಿಂಗಸುಗೂರಿನ ಬಸ್ಸು ಹತ್ತಿದೆ.

ಲಿಂಗಸುಗೂರಿನಲ್ಲಿ ಪೈಪು ಮಾರುವ ಅಂಗಡಿಯ ಮೇಲೆ ಎರಡು ಕೋಣೆ ಬಾಡಿಗೆ ಹಿಡಿದಿದ್ದರು. ತರಬೇತಿ ಅಲ್ಲೇ. ತರಬೇತಿ ಕೊಟ್ಟವರು ಯೋಜನೆಯ ಸಂಯೋಜಕರು, ನಗರದಿಂದ ಬಂದ ಹುಡುಗುಮುಖದ ಮನುಷ್ಯ. ಎಲ್ಲರಿಗೂ ಕೈ ಮುಗಿಯುವವರು, ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದವರು.

ಮೊದಲ ದಿನವೇ ಕೇಳಿದೆ. "ಬೆರಳಾಗ ಕೀವು ತುಂಬಿದಾಕಿ ನನ್ನ ಮುಂದ ಕುಂತಿರ್ತಾಳ್ರಿ. ಆಕಿಗೆ ಏನ ಕೊಡೂದು?"

"ಚೀಟಿ ಕೊಡಿ ಮೇಡಂ. ಹತ್ತಿರದ ಆಸ್ಪತ್ರೆಗೆ ಹೋಗಿ ಅಂತ ಅದರಲ್ಲಿ ಬರೆದಿರುತ್ತೆ."

"ಅಷ್ಟಾನಾ?"

"ಅಷ್ಟೇ. ಈ ಅನುದಾನದಲ್ಲಿ ಔಷಧಿಗೆ ಅವಕಾಶ ಇಲ್ಲ. ನಾವು ಕೇಳೋದು ಒಂದೇ, ಕೊಟ್ಟರೆ ಹಚ್ಚಿಕೊಳ್ಳುತ್ತೀರಾ ಅಂತ."

ಆ ಚೀಟಿಯ ಪುಸ್ತಕ ಅಚ್ಚಾಗಿ ನಮ್ಮ ಕೈ ಸೇರುವಷ್ಟರಲ್ಲಿ ನಾಟಿ ಮುಗಿದಿತ್ತು. ತರಬೇತಿಯ ಆ ಮೊದಲ ದಿನವೇ ಕೆಲಸ ಬಿಟ್ಟು ಬರಬೇಕಿತ್ತು. ಬಿಡಲಿಲ್ಲ. ಮುಂದಿನ ವರ್ಷವಾದರೂ ಮುಲಾಮು ಬರುತ್ತದಲ್ಲ ಎಂದುಕೊಂಡೆ.

ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ನನ್ನ ತಿರುಗಾಟ ಶುರುವಾಯಿತು. ಬಳಗಾನೂರು, ಅದರ ಸುತ್ತ ತೆಲುಗು ಸೀಮೆಯಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು, ಕೊನೆಗೆ ವಳಕಮದಿನ್ನಿ. ಹೆಂಗಸರು ಊಟಕ್ಕೆ ಬದುವಿನ ಮೇಲೆ ಕೂತಾಗಲೇ ಮಾತಾಡಿಸಬೇಕು. ಬುತ್ತಿ ಬಿಚ್ಚುತ್ತಲೇ ಅವರು ಕೈ ತೋರಿಸುತ್ತಿದ್ದರು. ಬೆಳ್ಳಗೆ ನೆನೆದ ಚರ್ಮ, ಕಪ್ಪಾದ ಉಗುರು, ಕೆಲವರ ಬೆರಳ ತುದಿಗೆ ನಿಂಬೆಹಣ್ಣು. ಉಗುರುಸುತ್ತಿಗೆ ನಮ್ಮಲ್ಲಿ ನಿಂಬೆಹಣ್ಣಿಗೆ ತೂತು ಮಾಡಿ ಬೆರಳನ್ನು ಅದರೊಳಗೆ ತೂರಿಸಿಡುವುದು ವಾಡಿಕೆ. ಸಂಯೋಜಕರಿಗೆ ಆ ನಿಂಬೆಹಣ್ಣು ಕಂಡರೆ ಆಗುತ್ತಿರಲಿಲ್ಲ. ನಾಳೆ ಪರೀಕ್ಷೆ ನಡೆದರೆ ಗುಣವಾದದ್ದು ಮುಲಾಮಿನಿಂದಲೋ ನಿಂಬೆಯಿಂದಲೋ ಗೊತ್ತಾಗುವುದಿಲ್ಲವಂತೆ. ಅದಕ್ಕೇ ಒಪ್ಪಿಗೆ ಪತ್ರದಲ್ಲಿ ಒಂದು ಸಾಲು ಸೇರಿಸಿದ್ದರು: ಭೇಟಿಯ ದಿನದವರೆಗೆ ಬೆರಳುಗಳನ್ನು ಯಥಾಸ್ಥಿತಿಯಲ್ಲಿ ಕಾಯ್ದುಕೊಳ್ಳತಕ್ಕದ್ದು. ಭೇಟಿಯೆಂದರೆ ಲಿಂಗಸುಗೂರಿನ ಕೋಣೆಗೆ ಬಂದು ಬೆರಳಿನ ಫೋಟೊ ತೆಗೆಸಿಕೊಳ್ಳುವುದು. ಇನ್ನೊಂದು ಸಾಲು: ಈ ಹಂತದಲ್ಲಿ ಯಾವುದೇ ಹಸ್ತಕ್ಷೇಪವಿರುವುದಿಲ್ಲ. ಹಸ್ತಕ್ಷೇಪವೆಂದರೆ ಔಷಧಿ ಕೊಡುವುದು ಎಂದು ನನಗೇ ಎರಡು ದಿನದ ಮೇಲೆ ತಿಳಿಯಿತು. ಔಷಧಿ ಕೊಡುವುದಿಲ್ಲ ಎಂದು ಬರೆಯಲು ಇವರಿಗೆ ಏನು ದಾಡಿಯಾಗಿತ್ತೋ!

ಬದುವಿನ ಮೇಲೆ ಕೂತು ನಾನು ಆ ಪತ್ರ ಓದುತ್ತಿದ್ದೆ. ಒಂದು ಸಾಲು ಓದಿದರೆ ಆ ಕಡೆಯಿಂದ ಹೂಂ. ಇನ್ನೊಂದು ಸಾಲು ಓದಿದರೆ ಇನ್ನೊಂದು ಹೂಂ. ಈ ಹೂಂ ಎಂಥದು ಎಂದು ನಮ್ಮ ಕಡೆ ಮಗುವಿಗೂ ಗೊತ್ತು. ಅದು ಒಪ್ಪಿಗೆಯಲ್ಲ. ಹೇಳುವವರಿಗೆ ಕೊಡುವ ಮರ್ಯಾದೆ. ನಾನು ಕೇಳಾಕತ್ತೀನಿ, ನೀ ಮುಂದ ಹೇಳು ಎಂದು ಅದರ ಅರ್ಥ. ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು, ನಿದ್ದೆ ಹೋದೆಯೇನೆ ಎಂದು ತೊಡೆಗೆ ಒಂದು ಬೀಳುತ್ತಿತ್ತು. ನಿಜವಾಗಿ ಒಪ್ಪಿದವರು ಆತ್ರಿ ಎನ್ನುತ್ತಾರೆ, ಬರ್ತೀನ್ರಿ ಎನ್ನುತ್ತಾರೆ. ಒಲ್ಲದವರು ನೋಡೂಣು ತಗೋರಿ ಎನ್ನುತ್ತಾರೆ. ಫಾರಮ್ಮಿನಲ್ಲಿ ಇದ್ದದ್ದು ಎರಡೇ ಚೌಕ, ಹೌದು ಮತ್ತು ಇಲ್ಲ. ಪ್ರತಿ ಸಂದರ್ಶನವೂ ಫೋನಿನಲ್ಲಿ ಧ್ವನಿಮುದ್ರಣವಾಗುತ್ತಿತ್ತು. ಲಿಂಗಸುಗೂರಿನ ಕೋಣೆಯಲ್ಲಿ ಸಂಯೋಜಕರು ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೇಳಿ, ಹೂಂ ಬಂದಲ್ಲೆಲ್ಲ ಹೌದು ಎಂದು ಗುರುತು ಹಾಕಿಸುತ್ತಿದ್ದರು.

"ಸರ್, ಅದು ಹೌದು ಅಲ್ರಿ. ಕೇಳಾಕತ್ತೀವಿ ಅನ್ನೂದಷ್ಟ."

"ಮೇಡಂ, ನಾನೂ ಕನ್ನಡದವನೇ. ಹೂಂ ಅಂದ್ರೆ ಹೂಂ."

"ಹಂಗಾರ ನಿಮ್ಮ ಕನ್ನಡ ಬ್ಯಾರೆ, ನಮ್ಮ ಕನ್ನಡ ಬ್ಯಾರೆ ಬಿಡ್ರಿ."

ಅವರು ನಕ್ಕರು. ಇಡೀ ಸೀಮೆಯಲ್ಲಿ ಒಲ್ಲೆ ಎಂದವರು ಒಬ್ಬರೂ ಇಲ್ಲ, ಇಂಥ ಒಪ್ಪಿಗೆ ಎಲ್ಲೂ ಕಂಡಿಲ್ಲ ಎಂದು ಮೇಲಿನವರಿಗೆ ಬರೆದು ಕಳಿಸಿದರು. ಮೇಲಿನವರಿಂದ ಶಹಬ್ಬಾಸ್ ಎಂದು ಉತ್ತರವೂ ಬಂತು. ನನಗೆ ಮೈಯೆಲ್ಲ ಉರಿದುಹೋಯಿತು, ಆದರೂ ಮರುದಿನ ಹೋಗಿ ನಾನೂ ಹೂಂ ಬಂದಲ್ಲಿ ಹೌದು ಎಂದೇ ಗುರುತು ಹಾಕತೊಡಗಿದೆ. ಜಗಳವಾಡಿ ಸಾಕಾಗಿತ್ತು.

ವಳಕಮದಿನ್ನಿಯಲ್ಲಿ ಒಬ್ಬಳಿದ್ದಳು. ಮೂವತ್ತರ ಆಸುಪಾಸು. ಆ ಗುಂಪಿನಲ್ಲೇ ಚುರುಕಾಗಿ ನಾಟಿ ಹಚ್ಚುವವಳು. ಆಕೆ ಮೊದಲ ಸಾಲು ಹಿಡಿದರೆ ಉಳಿದವರು ಅದನ್ನು ನೋಡಿ ತಮ್ಮ ಸಾಲು ಹಿಡಿಯುತ್ತಿದ್ದರು. ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಒಂದೊಂದೇ ಸಸಿ ಎಳೆದು ಕೆಸರಿಗೆ ಊರುತ್ತ ಹಿಂದಕ್ಕೆ ಹಿಂದಕ್ಕೆ ಸರಿಯುವುದನ್ನು ನೋಡುತ್ತ ನಾನು ಹೊತ್ತು ಮರೆತಿದ್ದೂ ಉಂಟು. ಆ ತೋರುಬೆರಳಿಗೆ ಉಗುರುಸುತ್ತಾಗಿತ್ತು. ಮಾತಾಡಲು ಬಂದು ಕೂತಾಗ ಅದಕ್ಕೆ ನಿಂಬೆಹಣ್ಣು ಸಿಕ್ಕಿಸಿಕೊಂಡಿದ್ದಳು.

"ಇದನ್ನ ತಗೀಬೇಕೇನ್ರಿ ಅಕ್ಕಾರ?" ಯಥಾಸ್ಥಿತಿಯ ಸಾಲನ್ನು ನಾನು ಬಿಡಿಸಿ ಹೇಳಿದ ಮೇಲೆ ಕೇಳಿದಳು.

"ಪತ್ರದಾಗ ಹಂಗ ಐತೆವ್ವ."

ತೆಗೆದು ಬದುವಿನ ಆ ಕಡೆ ಎಸೆದಳು. ಲಿಂಗಸುಗೂರಿಗೆ ಬರಬೇಕಾದ ದಿನ ಹೇಳಿದೆ, ಇನ್ನು ಮೂರು ವಾರವಿತ್ತು. ಸಿಂಧನೂರಿಗೆ ಬಂದು ಬಸ್ಸು ಬದಲಿಸಿ, ಮಸ್ಕಿ ದಾಟಿ ಹೋಗಬೇಕು ಎಂದೂ ಹೇಳಿದೆ. ಅಷ್ಟರಲ್ಲಿ ಗದ್ದೆಯ ಯಜಮಾನ ತೆಲುಗಿನಲ್ಲಿ ಕೂಗತೊಡಗಿದ್ದ, ಊಟ ಮುಗಿಯಿತು ಏಳಿ ಎಂದು. ನನಗೆ ಇನ್ನೂ ಒಂದು ಪುಟ ತುಂಬುವುದಿತ್ತು. ತಲೆ ಬಗ್ಗಿಸಿ ಚೌಕಗಳನ್ನು ತುಂಬುತ್ತಿದ್ದೆ. ಆಕೆ ಸೀರೆಯ ನೆರಿಗೆ ಎತ್ತಿ ಕಟ್ಟಿಕೊಳ್ಳುತ್ತ ಏನೋ ಕೇಳುತ್ತಿದ್ದಳು. ಏನು ಕೇಳಿದಳೆಂಬುದು ನನ್ನ ತಲೆಗೆ ಹೋಗಲಿಲ್ಲ.

ಭೇಟಿಯ ದಿನ ಲಿಂಗಸುಗೂರಿಗೆ ಬಂದವರು ಬೆರಳೆಣಿಕೆಯಷ್ಟು. ನಾಟಿಯ ಕಾಲದಲ್ಲಿ ಒಂದು ದಿನದ ಕೆಲಸ ಬಿಟ್ಟು ಬರೀ ಫೋಟೊ ತೆಗೆಸಿಕೊಳ್ಳಲು ಯಾರು ಬರುತ್ತಾರೆ? ಸಂಯೋಜಕರ ಮುಖ ಹುಳ್ಳಗಾಗಿತ್ತು. "ಎಲ್ಲರೂ ಒಪ್ಪಿದ್ದರಲ್ಲ ಮೇಡಂ, ಈ ಜನ ಯಾಕೆ ಹೀಗೆ ಸುಳ್ಳು ಹೇಳ್ತಾರೆ?" ಎಂದರು. ಅವರ ಕೆನ್ನೆಗೆ ಬಾರಿಸಬೇಕೆನಿಸಿತು. ಒಪ್ಪಿದ್ದು ನಿಮ್ಮ ಫಾರಂ, ಹೆಂಗಸರು ಒಪ್ಪಿರಲಿಲ್ಲ ಎಂದು ಹೇಳಿದೆ.

ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲ ಮೇಲೆ ಆಕೆ ಕಾಣಿಸಿಕೊಂಡಳು, ವಳಕಮದಿನ್ನಿಯವಳು. ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡೇ ಬಂದಿದ್ದಳು. ಬೆರಳಿಗೆ ಹಳೆಯ ರವಿಕೆಯ ತುಂಡು ಸುತ್ತಿತ್ತು. ಅದನ್ನು ಬಿಚ್ಚುವ ಮೊದಲೇ ನರ್ಸಾಗಿದ್ದ ನನ್ನ ಮೂಗಿಗೆ ವಾಸನೆ ಹತ್ತಿತು. ಬಿಚ್ಚಿದಾಗ ಬೆರಳಿನ ತುದಿ ಕಪ್ಪಾಗಿತ್ತು, ಅಂಗೈವರೆಗೆ ಬಾವು ಹಬ್ಬಿತ್ತು.

"ಯವ್ವಾ, ಇಷ್ಟು ಆಗೂತನಾ ಏನ ಮಾಡಾಕತ್ತಿದ್ದಿ? ಸಿಂಧನೂರಾಗ ದವಾಖಾನಿ ಇರಲಿಲ್ಲೇನು?"

ಆಕೆ ನನ್ನನ್ನೇ ನೋಡಿದಳು. "ನಾ ಕೇಳಿದ್ನೆಲ್ರಿ ಅಕ್ಕಾರ. ಅಲ್ಲಿ ಮಲಾಮು ಹಚ್ತಾರಲ್ರಿ, ಅಲ್ಲೀತನಕ ತಡಕೊಂಡ್ರ ನಡೀತೈತಲ್ರಿ ಅಂತ. ನೀವಾ ಹೂಂ ಅಂದಿದ್ರೆಲ್ರಿ."

ಇಲ್ಲ, ನಾನು ಹಾಗೆ ಅಂದಿಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಸಂಯೋಜಕರು ಫೋಟೊ ತೆಗೆಯುವ ಯಂತ್ರ ಹಿಡಿದುಕೊಂಡು ಬಂದರು. ದೂರದಿಂದ ಬಂದಿದ್ದಾಳೆ, ಹೇಳಿದ ದಿನಕ್ಕೇ ಬಂದಿದ್ದಾಳೆ, ಏನೂ ಹಚ್ಚದೆ ಬಂದಿದ್ದಾಳೆ. ಅವರ ಮುಖ ಅರಳಿತ್ತು. "ಬೆರಳು ಸ್ವಲ್ಪ ಬೆಳಕಿಗೆ ಹಿಡೀರಮ್ಮ" ಎಂದರು. ನಾನು ಆ ಯಂತ್ರವನ್ನು ಕಿತ್ತು ಮೇಜಿನ ಮೇಲೆ ಇಟ್ಟೆ. ಬಾಯಿಗೆ ಬಂದದ್ದು ಬೈದೆ. ಕೆಳಗಿನ ಪೈಪಿನ ಅಂಗಡಿಯವರು ಮೆಟ್ಟಿಲ ಬಳಿ ಬಂದು ನಿಂತು ಕೇಳುವಷ್ಟು ಬೈದೆ. ಆಮೇಲೆ ಆಕೆಯನ್ನು ಆಟೊದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದೆ.

ಅಲ್ಲಿಯ ಡಾಕ್ಟರಮ್ಮ ಒಂದೇ ನೋಟಕ್ಕೆ ತಲೆ ಅಲ್ಲಾಡಿಸಿದರು. "ಮೊದಲ ವಾರದಾಗ ಬಂದಿದ್ರ ಒಂಚೂರು ಕೊಯ್ದು ಕೀವು ತಗೀತಿದ್ವಿ, ನಾಕು ದಿನಕ್ಕ ಮಾಯ್ತಿತ್ತು. ಈಗ ಎಲುಬಿಗೆ ಇಳದೈತಿ. ರಾಯಚೂರಿಗೆ ಹೋಗ್ರಿ." ನಂತರ ನನ್ನ ಕೊರಳಲ್ಲಿ ನೇತಾಡುತ್ತಿದ್ದ ಯೋಜನೆಯ ಗುರುತಿನ ಚೀಟಿ ನೋಡಿ, "ನೀವು ಇದನ್ನ ನೋಡಿದ್ರೇನ್ರಿ ಮೊದಲಾ?" ಎಂದು ಕೇಳಿದರು. ನೋಡಿದ್ದೆ ಎಂದೆ.

ರಾಯಚೂರಿನಲ್ಲಿ ತೋರುಬೆರಳನ್ನು ಬುಡದವರೆಗೆ ತೆಗೆದರು. ಇಲ್ಲದಿದ್ದರೆ ಕೈ ಹೋಗುತ್ತಿತ್ತು. ಎಚ್ಚರವಾದ ಮೇಲೆ ಆಕೆ ಪಟ್ಟಿ ಕಟ್ಟಿದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, "ಇನ್ನ ಸಸಿ ಹೆಂಗ ಹಿಡೀಲಿ?" ಎಂದಳು. ಊರಿನಿಂದ ಬಂದು ಪಕ್ಕದಲ್ಲಿ ಕೂತಿದ್ದ ಗಂಡನನ್ನು ಕೇಳಿದಳೋ ನನ್ನನ್ನು ಕೇಳಿದಳೋ ತಿಳಿಯಲಿಲ್ಲ.

ಲಿಂಗಸುಗೂರಿಗೆ ಮರಳಿ ಸಂಯೋಜಕರ ಮುಂದೆ ಕೂತು ವಳಕಮದಿನ್ನಿಯ ಆ ದಿನದ ಧ್ವನಿಮುದ್ರಣ ಹಾಕಿ ಎಂದೆ. ಹಾಕಿದರು. ಯಜಮಾನನ ತೆಲುಗು ಕೂಗು, ಕೊಕ್ಕರೆಗಳ ಸದ್ದು, ನನ್ನ ಪೆನ್ನಿನ ಗೀಚಾಟ. ಅದರ ನಡುವೆ ಆಕೆಯ ಪ್ರಶ್ನೆ ಸ್ಪಷ್ಟವಾಗಿತ್ತು. ಅದರ ಬೆನ್ನಿಗೇ ನನ್ನ ಧ್ವನಿ, ಹೂಂ. ಫಾರಂ ತುಂಬುತ್ತ, ಮುಂದೆ ಹೇಳು ಎನ್ನುವ ಅದೇ ಹೂಂ. ಪಾಪ, ಆಕೆಗಾದರೂ ಹೇಗೆ ಗೊತ್ತಾಗಬೇಕು? ಓದಿದವಳು, ಕೊರಳಲ್ಲಿ ಸರ್ಕಾರದ ಯೋಜನೆಯ ಚೀಟಿ ಹಾಕಿಕೊಂಡವಳು ಹೂಂ ಅಂದರೆ ಅದು ಹೌದೇ ಇರಬೇಕು ಎಂದುಕೊಂಡಳು. ಆ ಹೂಂ ಇಂಥದು, ಈ ಹೂಂ ಅಂಥದು ಎಂದು ನಾನು ಸಂಯೋಜಕರಿಗೆ ಪಾಠ ಹೇಳಿದವಳು. ಅವತ್ತು ನನ್ನ ಮೇಲೆ ನನಗೆ ಬಂದಷ್ಟು ಸಿಟ್ಟು ಇನ್ನಾರ ಮೇಲೂ ಬಂದಿಲ್ಲ.

ಆದರೆ ನನ್ನ ಮೇಲಿನ ಸಿಟ್ಟಿನಲ್ಲಿ ಅವರನ್ನು ಬಿಟ್ಟುಬಿಡಲು ನಾನು ತಯಾರಿರಲಿಲ್ಲ. "ಆಕಿ ಬೆರಳು ಹೋದದ್ದನ್ನ ವರದಿಯಾಗ ಬರೀರಿ. ನನ್ನ ತಪ್ಪು ಐತೆಂತನೂ ಬರೀರಿ" ಎಂದೆ.

ಅವರು ಬಹಳ ಸಮಾಧಾನದಿಂದ ವಿವರಿಸಿದರು. "ಮೇಡಂ, ಅಡ್ಡಪರಿಣಾಮ ಅಂತ ಬರೆಯೋಕೆ ನಾವು ಔಷಧಿ ಕೊಟ್ಟಿರಬೇಕು. ನಾವು ಏನೂ ಕೊಟ್ಟೇ ಇಲ್ಲ. ಕೊಡದೇ ಇರೋದರಿಂದ ಪರಿಣಾಮ ಹೇಗಾಗುತ್ತೆ ಹೇಳಿ? ಅದಕ್ಕೆ ವರದಿಯಲ್ಲಿ ಜಾಗವೇ ಇಲ್ಲ."

ಎಷ್ಟು ಚೆನ್ನಾಗಿ ಕೈ ತೊಳೆದುಕೊಂಡರು! ಕೊಡದೇ ಕಾಯಿಸಿದ್ದು ಏನೂ ಅಲ್ಲ. ಇದ್ದ ನಿಂಬೆಹಣ್ಣನ್ನೂ ಬಿಸಾಡಿಸಿದ್ದು ಏನೂ ಅಲ್ಲ. ವರದಿ ಹೋಯಿತು. ಅದರಲ್ಲಿ ಒಪ್ಪಿಗೆ ಅತ್ಯುತ್ತಮ ಎಂದಿತ್ತು. ಕರೆದ ದಿನ ಬಂದವರು ಕಡಿಮೆ, ಮುಂದಿನ ಸಲ ನಾಟಿ ಮುಗಿದ ಮೇಲೆ ಕರೆಯಬೇಕು ಎಂದಿತ್ತು. ಮನೆಮದ್ದು ಬಿಟ್ಟಿರಲು ಜನ ಸಿದ್ಧರಿದ್ದಾರೆ ಎಂಬುದಕ್ಕೆ ದೂರದ ಊರಿನಿಂದ ಏನೂ ಹಚ್ಚದೆ ಬಂದ ಒಬ್ಬ ಮಹಿಳೆಯ ಉದಾಹರಣೆಯಿತ್ತು. ಓದಿ ಎದ್ದು ಬಂದೆ. ಕೆಲಸ ಬಿಟ್ಟೆ.

ಅನುದಾನ ಕೊಟ್ಟವರಿಗೆ ಆ ವರದಿ ಮೆಚ್ಚುಗೆಯಾಯಿತು. ಪರೀಕ್ಷೆ ನಡೆಸಬಹುದು ಎಂದಾಯಿತು, ಅದಕ್ಕೆ ಬೇರೆ ಅನುದಾನ ಮಂಜೂರಾಯಿತು. ಮರುವರ್ಷ ಸಂಯೋಜಕರೇ ಫೋನು ಮಾಡಿ, "ನಿಮ್ಮಷ್ಟು ಊರು ಬಲ್ಲವರು ಇನ್ನೊಬ್ಬರಿಲ್ಲ, ಬನ್ನಿ ಮೇಡಂ, ಈ ಸಲ ಮುಲಾಮು ಇದೆ" ಎಂದರು. ಹೋಗಬಾರದಿತ್ತು ಎಂದು ಮನೆಯವರು ಈಗಲೂ ಅನ್ನುತ್ತಾರೆ. ನಾನು ಹೋದದ್ದು ಒಂದೇ ಕಾರಣಕ್ಕೆ. ಮುಲಾಮಿನ ಮೊದಲ ಡಬ್ಬಿಯನ್ನು ವಳಕಮದಿನ್ನಿಗೆ ನಾನೇ ಒಯ್ಯಬೇಕಿತ್ತು.

ಆಕೆ ಈಗ ಗುಂಪಿನಲ್ಲಿ ನಾಟಿ ಹಚ್ಚುತ್ತಿರಲಿಲ್ಲ. ಸಸಿ ಕಿತ್ತು ಕಟ್ಟು ಕಟ್ಟಿ ಗದ್ದೆಗೆ ಹೊತ್ತು ಹಾಕುವ ಕೆಲಸಕ್ಕೆ ಸರಿದಿದ್ದಳು. ಅದೂ ನೀರಿನದೇ ಕೆಲಸ. ಅಂಗಳದಲ್ಲಿ ಕೂತು ಎರಡೂ ಕೈ ನನ್ನ ಮುಂದೆ ಚಾಚಿದಳು. ಎಡಗೈಯ ಎರಡು ಉಗುರಿನ ಸುತ್ತ ಬಾತಿತ್ತು. ಬಲಗೈಯ ಹೆಬ್ಬೆರಳಿನ ಅಂಚಿನಲ್ಲಿ ಆಗಲೇ ಹಳದಿ ಕಟ್ಟಿತ್ತು.

ನನ್ನ ಚೀಲದಲ್ಲಿ ಮುಲಾಮಿತ್ತು. ಫಾರಂ ತೆಗೆದೆ. ಮೊದಲ ಪುಟದಲ್ಲೇ ಇತ್ತು: ಎರಡೂ ಕೈಗಳ ಹತ್ತು ಉಗುರುಗಳಿಗೂ ಅಂಕ ನೀಡಬೇಕಾಗಿರುವುದರಿಂದ ಹತ್ತು ಬೆರಳುಗಳಿಲ್ಲದವರು ಅನರ್ಹರು. ಅದನ್ನು ಮೂರು ಸಲ ಓದಿದೆ. ಆಕೆಯ ಎದುರಿಗೇ ಸಂಯೋಜಕರಿಗೆ ಫೋನು ಹಚ್ಚಿದೆ. ನಿಯಮ ಮೇಡಂ, ನಮ್ಮ ಕೈಯಲ್ಲಿಲ್ಲ, ಒಂದೊಂದು ಡಬ್ಬಿಗೂ ನಂಬರಿದೆ ಎಂದರು. ಹೋದದ್ದು ಯಾರ ಬೆರಳೆಂದು ನೆನಪಿದೆಯೇ ಎಂದು ಕೇಳಿದೆ. ಅವರು ಫೋನಿಟ್ಟರು.

ಹಿಂದಿನ ಸಲದಂತೆ ಗೊಂದಲ ಮಾಡಬಾರದೆಂದು ನೇರವಾಗಿಯೇ ಹೇಳಿದೆ. "ನಿನಗ ಕೊಡಾಕ ಬರೂದಿಲ್ಲಂತವ್ವ. ಹತ್ತೂ ಬೆರಳು ಇರಬೇಕಂತ."

ಆಕೆ ತನ್ನ ಕೈಗಳನ್ನು ನೋಡಿಕೊಂಡಳು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಉಳಿದ ಒಂಬತ್ತಕ್ಕರ ಹಚ್ಚಾಕ ಬರೂದಿಲ್ಲೇನ್ರಿ ಅಕ್ಕಾರ?"

ಚೀಲದಿಂದ ಡಬ್ಬಿ ತೆಗೆದು ಆಕೆಯ ಮಡಿಲಿಗೆ ಹಾಕಿದೆ. ಇಂಥ ಪರೀಕ್ಷೆಯಲ್ಲಿ ಕೆಲವು ಡಬ್ಬಿಗಳಲ್ಲಿ ಔಷಧಿಯಿಲ್ಲದ ಬರೀ ಮೇಣವಿರುತ್ತದೆ, ಅದರೊಳಗೆ ಯಾವುದಿತ್ತೋ ನನಗೆ ಗೊತ್ತಿಲ್ಲ. ಅದನ್ನೂ ಆಕೆಗೆ ಹೇಳಿದೆ. ಎರಡು ದಿನದಲ್ಲಿ ಇಳಿಯದಿದ್ದರೆ ಯಾರಿಗೂ ಕಾಯದೆ ಸಿಂಧನೂರಿನ ಆಸ್ಪತ್ರೆಗೆ ಹೋಗು, ನಾನೂ ಬರುತ್ತೇನೆ ಎಂದು ಹೇಳಿ, ನನ್ನ ಫೋನ್ ನಂಬರನ್ನು ಗೋಡೆಯ ಮೇಲೆ ಇದ್ದಿಲಿನಿಂದ ದೊಡ್ಡದಾಗಿ ಬರೆದೆ.

ಫಾರಮ್ಮಿನ ಕೊನೆಯಲ್ಲಿ ಹೊರಗಿಡಲು ಕಾರಣ ಎಂದು ಒಂದು ಗೆರೆ ಬಿಟ್ಟಿದ್ದರು. ಅದರ ಮೇಲೆ ಬರೆದು, ಕೆಳಗೆ ನನ್ನ ಪೂರ್ತಿ ಹೆಸರು ಹಾಕಿ ಸಹಿ ಮಾಡಿದೆ.

"ಏನ ಬರದ್ರಿ?" ಎಂದಳು.

ಓದಿದೆ. "ಈಕೆಯ ತೋರುಬೆರಳು ಇಲ್ಲ. ಅದು ಇತ್ತು. ನಾವು ಕಾಯಿಸಿದ್ದರಿಂದ ಹೋಯಿತು."

"ಇನ್ನೊಮ್ಮೆ ಓದ್ರಿ" ಎಂದಳು.